ಏಳುವ ಸಮಯ

ಐದು ಗಂಟೆಗೆ ಕೋಣೆಯ ಇನ್ನೊಂದು ಮಂಚದಿಂದ ಎರಡು ಪಾದಗಳು ನೆಲಕ್ಕಿಳಿದ ಸದ್ದಾಯಿತು. ಮೊದಲು ಎಡಗಾಲು, ಆಮೇಲೆ ಬಲಗಾಲು. ಆರು ವಾರಗಳಲ್ಲಿ ಈ ಕ್ರಮ ಒಮ್ಮೆಯೂ ತಪ್ಪಿರಲಿಲ್ಲ. ಈ ಮಂಚದಲ್ಲಿದ್ದ ಅವಳು ಕಣ್ಣು ಮುಚ್ಚಿಕೊಂಡೇ ಹತ್ತರವರೆಗೆ ಎಣಿಸಿದಳು. ಹತ್ತಾದ ಮೇಲೆ, ತಾನಾಗಿಯೇ ಎಚ್ಚರವಾದವಳ ಹಾಗೆ ಎದ್ದು ಕುಳಿತಳು. "ನಿದ್ದೆ ಬಂತಾ?" ಎಂದು ಕೋಣೆಯ ಜೊತೆಗಾತಿ ಕೇಳಿದಳು. "ಬಂತು. ನಿಮಗೆ?" "ಬಂತು." ಅಲ್ಲಿಗೆ ಆ ದಿನದ ಮಾತು ಅರ್ಧ ಮುಗಿದಂತೆ. ಇಬ್ಬರೂ ಒಂದೇ ವಯಸ್ಸಿನವರು, ಒಂದೇ ತರಗತಿಯವರು. ಆದರೂ ಒಬ್ಬರನ್ನೊಬ್ಬರು 'ನೀವು' ಎನ್ನುತ್ತಿದ್ದರು. ಮೊದಲ ದಿನ ಪೆಟ್ಟಿಗೆ ಎಳೆದುಕೊಂಡು ಬಾಗಿಲು ತಳ್ಳಿದಾಗ, ಒಳಗೆ ನೆಟ್ಟಗೆ ನಿಂತು ಕಪಾಟಿನ ಬೀಗ ಪರೀಕ್ಷಿಸುತ್ತಿದ್ದವಳನ್ನು ಮೇಲ್ವಿಚಾರಕಿ ಎಂದುಕೊಂಡು ಅವಳು 'ನೀವು' ಎಂದುಬಿಟ್ಟಿದ್ದಳು. ಎದುರಿನವಳೂ ಮರ್ಯಾದೆಗೆ 'ನೀವು' ಎಂದಳು. ಅಲ್ಲಿಂದ ಕೆಳಗಿಳಿದು ಬರಲು ಇಬ್ಬರಿಗೂ ಮೆಟ್ಟಿಲು ಸಿಕ್ಕಿರಲಿಲ್ಲ.

ಕಿಟಕಿ ಎಂದಿನಂತೆ ಪೂರ್ತಿ ತೆರೆದಿತ್ತು. ತಣ್ಣನೆಯ ಗಾಳಿ ಮೊದಲು ಅವಳ ಮೇಜಿಗೆ ಬಂದು, ಅವಳ ಕುತ್ತಿಗೆಯನ್ನು ಮುಟ್ಟಿ, ಆಮೇಲೆ ಜೊತೆಗಾತಿಯ ಕಡೆ ಹೋಗುತ್ತಿತ್ತು. ಹೋಗುವಷ್ಟರಲ್ಲಿ ಅದು ಸ್ವಲ್ಪ ಬೆಚ್ಚಗಾಗಿರಬೇಕು, ಏಕೆಂದರೆ ಜೊತೆಗಾತಿ ಯಾವತ್ತೂ ಮೈ ಮುದುರಿ ಕುಳಿತವಳಲ್ಲ. ಅವಳು ಪುಸ್ತಕ ತೆರೆದಳು. ಮೂವತ್ತೊಂದನೇ ಪುಟ. ಪುಟದ ಮೇಲ್ತುದಿಯಲ್ಲಿ ಒಂದು ಕೋಷ್ಟಕವಿತ್ತು. ಈ ಹೊತ್ತಿನಲ್ಲಿ ಅದರ ಗೆರೆಗಳು ಅವಳಿಗೆ ಮಂಚದ ಸರಳುಗಳ ಹಾಗೆ ಕಾಣುತ್ತಿದ್ದವು. ಪಕ್ಕದಲ್ಲಿದ್ದ ನಿಘಂಟಿನೊಳಗೆ, ಎರಡು ದಿನದ ಹಿಂದೆ ತಂದ ಕೋಣೆ ಬದಲಾವಣೆಯ ಅರ್ಜಿಯಿತ್ತು. ನಿನ್ನೆ ಸ್ನಾನಕ್ಕೆ ಹೋಗುವಾಗ ಅದನ್ನು ಮೇಜಿನ ಮೇಲೆಯೇ ಮರೆತಿದ್ದಳು. ಬಂದು ನೋಡಿದರೆ ಅದು ಅಂಚಿಗೆ ಅಂಚು ಕೂಡಿಸಿ ಮಡಚಿ, ಮೇಜಿನ ಗೆರೆಗೆ ಸಮನಾಗಿ ಇಟ್ಟಿತ್ತು. ಜೊತೆಗಾತಿ ಕಣ್ಣಿಗೆ ಬಿದ್ದ ಕಾಗದವನ್ನೆಲ್ಲ ಹಾಗೆ ಮಡಚುತ್ತಿದ್ದಳು. ಓದಿ ಮಡಚಿದಳೋ ಓದದೆ ಮಡಚಿದಳೋ ತಿಳಿಯುವ ಬಗೆಯಿರಲಿಲ್ಲ. ಓದಿದ್ದರೆ ಹೇಳಬೇಕಿತ್ತು. ಓದದಿದ್ದರೆ, 'ನಾನೇನೂ ಓದಲಿಲ್ಲ' ಎಂದಾದರೂ ಹೇಳಬೇಕಿತ್ತು. ಬೆಳಿಗ್ಗೆ ಐದರಿಂದ ಆರೂವರೆಯವರೆಗೆ ಅವಳು ಮೂವತ್ತೊಂದನೇ ಪುಟದ ಮೇಲೆ ಇದನ್ನೇ ಓದಿದಳು.

ಅರ್ಜಿ ಇವತ್ತು, ಶನಿವಾರ, ಸಂಜೆ ನಾಲ್ಕರೊಳಗೆ ಕೆಳಗಿನ ಕಚೇರಿಯ ಕಿಟಕಿ ಸೇರಬೇಕು. ಹೊಸ ಹಾಸ್ಟೆಲಿನಲ್ಲಿ ಹದಿನೇಳು ಒಂಟಿ ಕೋಣೆಗಳು ಖಾಲಿ ಉಳಿದಿವೆ, ಮೊದಲ ವರ್ಷದವರು ಬಯಸಿದಲ್ಲಿ ಬದಲಾಯಿಸಿಕೊಳ್ಳಬಹುದು, ಆದರೆ ಪ್ರವೇಶದ ಅರ್ಜಿಗೆ ಪೋಷಕರಾಗಿ ಯಾರು ಸಹಿ ಹಾಕಿದ್ದರೋ ಅವರದೇ ಸಹಿ ಬೇಕು ಎಂದು ಫಲಕದಲ್ಲಿ ಅಂಟಿಸಿದ್ದರು. ಆ ಸಹಿ ಅಕ್ಕನದು. "ಶನಿವಾರ ಬಾ, ಕೋಣೆ ನೋಡು" ಎಂದು ಅವಳು ಅಕ್ಕನಿಗೆ ಫೋನಿನಲ್ಲಿ ಹೇಳಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಒಂಟಿ ಕೋಣೆ. ಒಳಗಿನಿಂದ ಚಿಲಕ. ಕಿಟಕಿ ಮುಚ್ಚಿದರೆ ಮುಚ್ಚಿಯೇ ಇರುತ್ತದೆ. ವಿಶ್ವವಿದ್ಯಾಲಯ ಸೇರಿದ ಮೇಲೆ ಜನರಿಗೆ ದೊಡ್ಡ ದೊಡ್ಡ ಆಸೆಗಳು ಹುಟ್ಟುತ್ತವೆ ಎಂದು ಕೇಳಿದ್ದಳು. ಅವಳಲ್ಲಿ ಹುಟ್ಟಿದ್ದು ಎಂಟು ಗಂಟೆಯವರೆಗೆ ಮಲಗುವ ಆಸೆ.

ಹಾಸ್ಟೆಲು ಆರಿಸಿದ್ದೂ ಅಕ್ಕನೇ. ಅಡುಗೆಮನೆಯ ಮೇಜಿನ ಮೇಲೆ ಮೂರು ಹಾಸ್ಟೆಲುಗಳ ಚಿತ್ರವಿದ್ದ ಪುಸ್ತಿಕೆ ಹರಡಿಕೊಂಡು, ಅಮ್ಮ ಪಾಳಿ ಮುಗಿಸಿ ಬರುವುದರೊಳಗೆ ತೀರ್ಮಾನಿಸಬೇಕೆಂದು ಕುಳಿತಿದ್ದರು. ಅವಳ ಬೆರಳು ಹೊಸ ಹಾಸ್ಟೆಲಿನ ಚಿತ್ರದ ಮೇಲಿತ್ತು. ಅಕ್ಕ ಆ ಬೆರಳನ್ನು ಎತ್ತಿ ಪಕ್ಕಕ್ಕಿಟ್ಟಳು. "ಎಲ್ಲರೂ ಇದನ್ನೇ ಮೊದಲು ಬರೀತಾರೆ ಕಣೆ. ನೂರು ಕೋಣೆಗೆ ಸಾವಿರ ಜನ. ಸಿಗಲ್ಲ. ಹಳೇದನ್ನ ಬರಿ, ಕಣ್ಣುಮುಚ್ಚಿ ಕೊಡ್ತಾರೆ." ಅಕ್ಕ ಕಚೇರಿಗಳ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕುಳಿತು ಜನರಿಗೆ ಅರ್ಜಿ ತುಂಬಿಕೊಡುವವಳು. ಯಾವ ಖಾನೆಯಲ್ಲಿ ಏನು ಬರೆದರೆ ಯಾವ ಗುಮಾಸ್ತನ ಕೈ ನಿಲ್ಲುತ್ತದೆ, ಏನು ಬರೆದರೆ ಮುಂದೆ ಸರಿಯುತ್ತದೆ ಎಂಬುದು ಅವಳಿಗೆ ಬಾಯಿಪಾಠ. ಹಾಗಾಗಿ ಹಳೆಯದನ್ನು ಬರೆದರು. ಬರೆದ ಬುದ್ಧಿವಂತರು ಎಷ್ಟು ಜನರಿದ್ದರೆಂದರೆ ಹಳೆಯ ಹಾಸ್ಟೆಲಿನಲ್ಲಿ ಇಬ್ಬರ ಕೋಣೆಗೆ ಮೂರನೆಯ ಮಂಚ ಹಾಕುವ ಮಾತು ನಡೆದಿತ್ತು, ಹೊಸದರಲ್ಲಿ ಹದಿನೇಳು ಕೋಣೆಗಳಿಗೆ ಜನವಿರಲಿಲ್ಲ.

ಆ ಅರ್ಜಿಯ ಕೊನೆಯ ಪುಟದಲ್ಲಿ 'ಅಭ್ಯಾಸಗಳು' ಎಂಬ ಭಾಗವಿತ್ತು. ಒಂದೇ ತೆರನವರನ್ನು ಒಂದು ಕೋಣೆಗೆ ಹಾಕುವುದಕ್ಕಂತೆ. ಅಕ್ಕ ಅವಳನ್ನು ಒಂದು ಮಾತೂ ಕೇಳದೆ, ತಲೆಯೆತ್ತದೆ ತುಂಬಿದ್ದಳು. ಏಳುವ ಸಮಯ: ಬೆಳಿಗ್ಗೆ ಐದು. ದೀಪ ಆರಿಸುವ ಸಮಯ: ಹತ್ತು. ಸದ್ದು: ಸಹಿಸುವುದಿಲ್ಲ. ಗೆಳತಿಯರನ್ನು ಕೋಣೆಗೆ ಕರೆಯುವುದು: ಇಲ್ಲ. ಕಿಟಕಿ: ತೆರೆದಿರಬೇಕು. ಅದನ್ನು ಓದಿ ಅವಳು ನಕ್ಕಿದ್ದಳು. ನಗು ನಿಂತದ್ದು ಇಲ್ಲಿಗೆ ಬಂದ ಮೂರನೆಯ ವಾರದಲ್ಲಿ. ಒಂದು ಬೆಳಿಗ್ಗೆ ಜೊತೆಗಾತಿ ಪೆನ್ಸಿಲು ಹೆರೆದು, ಸಿಪ್ಪೆಯನ್ನು ಅಂಗೈಯಲ್ಲಿ ಕೂಡಿಸಿ ಕಸದ ಬುಟ್ಟಿಗೆ ಹಾಕಿ, ಅಕ್ಕ ಮಾಡುವ ಹಾಗೆಯೇ ಅಂಗೈಯನ್ನು ಒಮ್ಮೆ ಊದಿಕೊಂಡಾಗ ಅವಳಿಗೆ ಹೊಳೆಯಿತು: ಅಕ್ಕ ಬರೆದದ್ದು ಅಕ್ಕನನ್ನೇ. ಐದಕ್ಕೆ ಏಳುವವಳು ಮನೆಯಲ್ಲಿ ಇನ್ನಾರಿದ್ದರು? ಆರು ವರ್ಷದ ಹಿಂದೆ, ತಂಗಿಗಿಂತ ಹೆಚ್ಚು ಅಂಕ ತೆಗೆದು, ಕಾಲೇಜು ತೆರೆಯುವವರೆಗೆ ಎರಡು ತಿಂಗಳು ಎಂದು ಆ ಅಂಗಡಿಯ ಸ್ಟೂಲಿನ ಮೇಲೆ ಕುಳಿತವಳು ಇನ್ನೂ ಎದ್ದಿರಲಿಲ್ಲ. ಅವಳಿಗೆ ತಕ್ಕ ಜೊತೆಗಾತಿಯನ್ನು ಕಚೇರಿಯವರು ಹುಡುಕಿ ಕೂಡಿಸಿದ್ದರು. ಆ ಜಾಗಕ್ಕೆ ಬಂದು ತಾನು ಹಾಸಿಗೆ ಬಿಚ್ಚಿದ್ದಳು. ಅಂದಿನಿಂದ ಐದಕ್ಕೆ ಏಳುವುದು ನಾಟಕವಾಗಿ ಉಳಿಯಲಿಲ್ಲ, ತಪ್ಪುಕಾಣಿಕೆಯಂತಾಯಿತು. ಅದೂ ಕೈಲಾಗದೆಯೇ ಈ ಅರ್ಜಿ.

ಮನೆಯಲ್ಲಿ ಅಕ್ಕ ತಂಗಿ ಒಂದೇ ಮಂಚದಲ್ಲಿ ಮಲಗುತ್ತಿದ್ದರು. ಅಮ್ಮ ಆಸ್ಪತ್ರೆಯ ಮೊದಲ ಪಾಳಿಯವಳು, ಆರಕ್ಕೆ ಬಸ್ಸು. ಹೊತ್ತು ಮೀರೀತೆಂಬ ಭಯಕ್ಕೆ ಅಕ್ಕನಿಗೆ ಅಲಾರಾಮಿಗಿಂತ ಮೊದಲೇ ಅರ್ಧ ಎಚ್ಚರವಾಗುತ್ತಿತ್ತು. ಕಣ್ಣು ಬಿಡದೆ, ಪಕ್ಕಕ್ಕೆ ಹೊರಳಿ, "ಐದಾಯ್ತೇನೆ?" ಎಂದು ಕೇಳುತ್ತಿದ್ದಳು. ತಂಗಿ ನಿದ್ದೆಯಲ್ಲಿರುತ್ತಾಳೆ, ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದೂ ದಿನವೂ ಕೇಳುತ್ತಿದ್ದಳು. ಪರೀಕ್ಷೆಯ ದಿನಗಳಲ್ಲಿ ಮಾತ್ರ ತಂಗಿ ಎಚ್ಚರವಿರುತ್ತಿದ್ದಳು. ಗಡಿಯಾರ ಅವಳ ಕಡೆಗೇ ಇತ್ತು. ಒಮ್ಮೆ ನಾಲ್ಕು ಇಪ್ಪತ್ತು, ಒಮ್ಮೆ ನಾಲ್ಕೂವರೆ. ಹೇಳಿದ್ದರೆ ಅಕ್ಕ ಇನ್ನಷ್ಟು ಹೊತ್ತು ಮಲಗುತ್ತಿದ್ದಳು. ಎಚ್ಚರವಿದ್ದೇನೆಂದು ಗೊತ್ತಾದರೆ ತನ್ನನ್ನೂ ಎಬ್ಬಿಸಿಯಾಳೆಂದು ಅವಳು ಉಸಿರನ್ನು ಉದ್ದ ಮಾಡಿ ಬಿಡುತ್ತಿದ್ದಳು. ಅದನ್ನು ಬಹಳ ಚೆನ್ನಾಗಿ ಮಾಡುತ್ತಿದ್ದಳು.

ಒಂದೂಕಾಲಕ್ಕೆ ಅಕ್ಕ ಬಂದಳು. ಕೈಯಲ್ಲಿ ದಪ್ಪನೆಯ ಚೀಲ, ಅದರ ಬಾಯಿಂದ ಹೊದಿಕೆಯ ಮೂಲೆಯೊಂದು ಹೊರಗೆ ಇಣುಕಿತ್ತು. "ಏನೇ ಗೂಬೆ, ಇಷ್ಟು ಬಡವಾಗಿದ್ದೀಯ?" ಎಂದಳು. ಮಂಚ ನೋಡಲಿಲ್ಲ, ಮೇಜು ನೋಡಲಿಲ್ಲ. ಬಾಗಿಲ ಹಿಂದೆ ಅಂಟಿಸಿದ್ದ ನಿಯಮಗಳ ಹಾಳೆಯ ಮುಂದೆ ನಿಂತು ಮೇಲಿಂದ ಕೆಳಗೆ ಓದಿದಳು.

"ಏಳನೇ ನಿಯಮ ಎರಡು ಸಲ ಬಂದಿದೆಯಲ್ಲ."

"ಎಂಟು ಇಲ್ಲವೇ ಇಲ್ಲ," ಎಂದಳು ಜೊತೆಗಾತಿ, ಪುಸ್ತಕದಿಂದ ತಲೆಯೆತ್ತಿ. "ನಾನು ಬಂದ ದಿನಾನೇ ನೋಡಿದೆ. ಮೇಲ್ವಿಚಾರಕಿಗೆ ಹೇಳಿದೆ ಕೂಡ. ಅವರು, ಪಾಲಿಸೋರಿಗೆ ಸಂಖ್ಯೆ ಯಾಕೆ ಅಂದರು."

ಅಕ್ಕ ಗಟ್ಟಿಯಾಗಿ ನಕ್ಕಳು. ತಂಗಿ ಇಲ್ಲಿ ಆರು ವಾರದಿಂದ ಇದ್ದಳು; ಜೊತೆಗಾತಿ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಕೇಳಿರಲಿಲ್ಲ. ಎರಡೇ ನಿಮಿಷದಲ್ಲಿ ಅಕ್ಕ 'ನೀನು' ಎಂದುಬಿಟ್ಟಿದ್ದಳು, ಅದೇನೂ ಕಷ್ಟದ ಕೆಲಸವಲ್ಲವೆಂಬಂತೆ. "ನಿನ್ನ ಮನೇಲಿ ಯಾರ್ಯಾರಿದ್ದಾರಮ್ಮ? ನಿಮ್ಮಪ್ಪ ಏನು ಮಾಡ್ತಾರೆ?"

"ಗಡಿಯಾರ ರಿಪೇರಿ."

"ಸರಿಹೋಯ್ತು. ಅದಕ್ಕೇ ನಿನ್ನ ತಲೆ ಇಷ್ಟು ಸರಿಯಾಗಿ ನಡೀತಿದೆ." ಅಕ್ಕ ಹೊದಿಕೆಯನ್ನು ತೆಗೆದು ಮಂಚದ ಮೇಲೆ ಹಾಕಿದಳು. "ಇವಳ ಕಾಟ ಹೇಗಿದೆ? ರಾತ್ರಿ ಒಂದು ಗಂಟೆವರೆಗೂ ದೀಪ ಹಾಕ್ಕೊಂಡು ಕೂತಿರ್ತಾಳಾ?"

"ಇಲ್ಲ. ಹತ್ತಕ್ಕೆ ಮಲಗ್ತಾರೆ."

"ಯಾರು?"

"ಇವರು. ಬೆಳಿಗ್ಗೆ ಐದಕ್ಕೆ ಏಳ್ತಾರಲ್ಲ."

ಅಕ್ಕ ತಿರುಗಿ ಅವಳನ್ನು ನೋಡಿದಳು. ಅವಳು ಹೊದಿಕೆಯ ಅಂಚಿನ ದಾರವೊಂದನ್ನು ಎಳೆಯತೊಡಗಿದಳು. ಕಿವಿಯ ತುದಿ ಬಿಸಿಯಾಗುತ್ತಿರುವುದು ಅವಳಿಗೇ ತಿಳಿಯುತ್ತಿತ್ತು. "ಇವಳಾ?" ಎಂದಳು ಅಕ್ಕ. "ಈ ಗೂಬೇನಾ? ಎಂಟು ಗಂಟೆಗೆ ಮಂಚ ಸಮೇತ ಎತ್ತಿ ಕೂರಿಸ್ತಿದ್ದೆ ಕಣಮ್ಮ ನಾನು. ಹಲ್ಲುಜ್ಜುತ್ತಾ ನಿದ್ದೆ ಮಾಡ್ತಿದ್ದಳು."

ಜೊತೆಗಾತಿ ಅವಳ ಮುಖ ನೋಡಲಿಲ್ಲ. ಅವಳ ಮೇಜಿನ ಮೇಲೆ ತೆರೆದಿದ್ದ ಪುಸ್ತಕ ನೋಡಿದಳು. "ನಂಗೆ ಅನುಮಾನ ಇತ್ತು," ಎಂದಳು ನಿಧಾನವಾಗಿ. "ಹದಿನೈದು ದಿನದಿಂದ ಮೂವತ್ತೊಂದನೇ ಪುಟದಲ್ಲೇ ಇದ್ದಾರೆ. ಏಳೋದು ಇಷ್ಟ, ಓದೋದು ಇಷ್ಟ ಇಲ್ಲ ಅಂದ್ಕೊಂಡೆ." ಇದರಲ್ಲಿ ಕುಹಕವಿತ್ತೇ ಎಂದು ಅವಳು ಹುಡುಕಿದಳು. ಇರಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. ಜೊತೆಗಾತಿ ಫ್ಲಾಸ್ಕು ಎತ್ತಿಕೊಂಡು, "ಚಹಾ ತರ್ತೀನಿ, ಕ್ಯಾಂಟೀನು ದೂರ, ಅರ್ಧ ಗಂಟೆ ಆಗಬಹುದು" ಎಂದು ಹೊರಟಳು. ಕ್ಯಾಂಟೀನು ಅಷ್ಟೇನೂ ದೂರವಿರಲಿಲ್ಲ.

ಬಾಗಿಲು ಮುಚ್ಚಿದ ಮೇಲೆ ಅವಳು ನಿಘಂಟು ತೆರೆದು ಅರ್ಜಿಯನ್ನು ಅಕ್ಕನ ಕೈಗಿಟ್ಟಳು. ಅಕ್ಕ ಅರ್ಜಿಗಳನ್ನು ಕೆಳಗಿನಿಂದ ಮೇಲಕ್ಕೆ ಓದುವವಳು: ಮೊದಲು ಸಹಿ ಎಲ್ಲಿ, ಆಮೇಲೆ ಕೊನೆಯ ದಿನ, ಆಮೇಲೆ ಉಳಿದದ್ದು. ಓದುತ್ತಿದ್ದಂತೆ ಅವಳ ಬೆನ್ನು ನೆಟ್ಟಗಾಯಿತು, ಮುಖಕ್ಕೆ ಅಂಗಡಿಯ ಮುಖ ಬಂತು.

"ಇದಕ್ಕಾ ಕರೆಸಿದ್ದು?"

"ಕೋಣೇನೂ ನೋಡ್ಲಿ ಅಂತ."

"'ಕಾರಣ: ಅಭ್ಯಾಸಗಳು ಹೊಂದುವುದಿಲ್ಲ.' ಚಿನ್ನದಂಥ ಹುಡುಗಿ ಕಣೆ. ಏನು ಹೊಂದಲ್ಲ ನಿನಗೆ?"

"ಅವಳು ನನಗೆ ಕೊಟ್ಟ ಜೊತೆ ಅಲ್ಲ ಅಕ್ಕ. ನಿನಗೆ ಕೊಟ್ಟಿದ್ದು." ಇಲ್ಲಿಯವರೆಗೆ ತಲೆಯೊಳಗೆ ಎಷ್ಟೋ ಸಲ ಹೇಳಿಕೊಂಡಿದ್ದ ಮಾತು, ಹೊರಗೆ ಬಂದಾಗ ಬಹಳ ಚಿಕ್ಕದಾಗಿ ಕೇಳಿಸಿತು. "ನೀನು ಆ ಫಾರಂನಲ್ಲಿ ನಿನ್ನ ಬಗ್ಗೆ ಬರೆದೆ. ಐದಕ್ಕೆ ಏಳೋದು, ಸದ್ದು ಆಗದೇ ಇರೋದು, ಕಿಟಕಿ ತೆಗೆದಿಡೋದು. ಅವರು ನಿನಗೆ ಸರಿಯಾದವಳನ್ನ ಹುಡುಕಿ ಕೊಟ್ಟರು. ಬಂದಿದ್ದು ನಾನು. ಈಗ ನೋಡಿದೆಯಲ್ಲ, ಎರಡು ನಿಮಿಷಕ್ಕೆ ನೀವಿಬ್ಬರೂ ಹೇಗೆ ಮಾತಾಡಿದ್ರಿ ಅಂತ."

ಅಕ್ಕ ಅವಳನ್ನೇ ನೋಡುತ್ತ ಕುಳಿತಳು. ಅಕ್ಕನ ಕಣ್ಣು ತುಂಬುತ್ತದೇನೋ ಎಂದು ಅವಳು ಹೆದರಿದಳು; ತುಂಬಲಿ ಎಂದೂ ಕಾದಳು.

"ಅಯ್ಯೋ ಹುಚ್ಚಿ," ಎಂದಳು ಅಕ್ಕ. "ಎಲ್ಲರಿಗೂ ಅದನ್ನೇ ಬರೆಯೋದು ನಾನು."

"ಎಲ್ಲರಿಗೂ?"

"ಈ ವರ್ಷ ಮೂವತ್ತೆಂಟು ಹಾಸ್ಟೆಲ್ ಫಾರಂ ಬರೆದೆ. ಮೂವತ್ತೆಂಟು ಜನಾನೂ ಐದಕ್ಕೆ ಏಳ್ತಾರೆ, ಹತ್ತಕ್ಕೆ ಮಲಗ್ತಾರೆ, ಅವರಿಗೆ ಗೆಳತಿಯರೇ ಇಲ್ಲ. ಎಂಟಕ್ಕೆ ಏಳ್ತೀನಿ, ಹಾಡು ಹಾಕ್ಕೊಂಡು ಕುಣೀತೀನಿ ಅಂತ ಬರೆದರೆ ಯಾರು ಕೋಣೆ ಕೊಡ್ತಾರೆ? ಕೇಳಿದ್ದಕ್ಕೆಲ್ಲ ಇದ್ದದ್ದು ಇದ್ದಹಾಗೆ ಹೇಳೋಕೆ ಅದೇನು ಡಾಕ್ಟರ ಹತ್ತಿರ ಹೋದಹಾಗಾ?"

"ಕಿಟಕಿ?"

"ಗಾಳಿ ಬೆಳಕು ಅಂದರೆ ಅವರಿಗೆ ಒಳ್ಳೇ ಮನೆಯವರು ಅನ್ಸುತ್ತೆ. ನನಗೆಲ್ಲಿ ಆಗುತ್ತೆ, ಗಾಳಿ ಹೊಡೆದರೆ ಎಡಗಿವಿ ನೋವು ಬರುತ್ತಲ್ಲ."

"ಐದಕ್ಕೆ ಏಳೋದು?"

"ಅಮ್ಮನಿಗೆ ಆರಕ್ಕೆ ಬಸ್ಸಿದ್ದರೆ ನಾನೇನು ಒಂಬತ್ತಕ್ಕೆ ಏಳಲಾ? ಇದೇನು ಪ್ರಶ್ನೆ ಅಂತ ಕೇಳ್ತೀಯೇ?" ಅಕ್ಕ ಅರ್ಜಿಯನ್ನು ಬೆರಳಿಂದ ತಟ್ಟಿದಳು. "ಈ ಕಾರಣ ನಡೆಯಲ್ಲ. ಹೊಡೆದುಹಾಕಿ ಬರೆದಿದ್ದನ್ನೂ ಓದಲ್ಲ ಅವರು. ಹೋಗಿ ಬೇರೆ ಖಾಲಿ ಫಾರಂ ತಗೊಂಡು ಬಾ. 'ತೆರೆದ ಕಿಟಕಿಯಿಂದ ಕಿವಿ ನೋವು, ವೈದ್ಯಕೀಯ ಕಾರಣ' ಅಂತ ಹಾಕೋಣ. ಮರುಮಾತಿಲ್ಲದೆ ಕೊಡ್ತಾರೆ. ಬರೆದು ಸಹಿ ಹಾಕ್ತೀನಿ, ಕೊಟ್ಟುಬಿಡು. ನನಗೆ ಆರಕ್ಕೆ ಬಸ್ಸು."

ಅವಳು ಕೆಳಗೆ ಹೋಗಿ ಸಾಲಿನಲ್ಲಿ ನಿಂತಳು. ಸಾಲು ಉದ್ದವಿತ್ತು. ಮೂರು ವಾರ ತಾನು ಹೊತ್ತುಕೊಂಡು ತಿರುಗಿದ ತಪ್ಪು ಮೂವತ್ತೆಂಟು ಜನರಿಗೆ ಹಂಚಿದ್ದು ಎಂದು ಈಗ ತಿಳಿದಿತ್ತು. ಹಗುರವಾಗಬೇಕಿತ್ತು. ಮುಂದೆ ನಿಂತವಳ ಜಡೆಯನ್ನು ನೋಡುತ್ತ, ಇವಳೂ ಅಕ್ಕನ ಕೈಬರಹದಲ್ಲಿ ಐದಕ್ಕೆ ಏಳುತ್ತಾಳೋ ಏನೋ ಎಂದುಕೊಂಡಳು. ಕಿವಿ ನೋವು ಕೂಡ ಅಕ್ಕನದೇ. ಒಂದೇ ಮಂಚದಲ್ಲಿ ಅಷ್ಟು ವರ್ಷ ಮಲಗಿ, ಗೋಡೆಯ ಕಡೆ ಬೆಚ್ಚಗಿನ ಜಾಗ ತನ್ನದು, ಕಿಟಕಿಯ ಕಡೆ ಅಕ್ಕನದು ಎಂಬುದು ಇವತ್ತಿನವರೆಗೆ ಅವಳಿಗೆ ಒಂದು ವಿಷಯವಾಗಿಯೇ ಕಂಡಿರಲಿಲ್ಲ. ಅಕ್ಕ ಕಿಟಕಿಯ ಕಡೆ ಮಲಗುತ್ತಾಳೆ. ಆದ್ದರಿಂದ ಅಕ್ಕನಿಗೆ ಕಿಟಕಿ ಇಷ್ಟ. ಅಕ್ಕ ಐದಕ್ಕೆ ಏಳುತ್ತಾಳೆ. ಆದ್ದರಿಂದ ಅವಳು ಐದಕ್ಕೆ ಏಳುವವಳು. ಕಚೇರಿಯವರಾದರೂ ಒಂದು ಖಾನೆ ಮಾಡಿ ಕೇಳಿದ್ದರು.

"ಬದಲಾವಣೆಗಾ?" ಎಂದಳು ಕಿಟಕಿಯೊಳಗಿನ ಗುಮಾಸ್ತೆ, ಖಾಲಿ ಅರ್ಜಿಯನ್ನು ಹೊರಗೆ ಸರಿಸುತ್ತ. "ಬೆಳಿಗ್ಗೆಯಿಂದ ನೀನು ಹನ್ನೆರಡನೆಯವಳು. ಎಲ್ಲರಿಗೂ ಶೀತ. ಕಿಟಕಿ ಮುಚ್ಚಿಕೊಂಡು ಮಲಗೋಕೆ ಏನು ರೋಗ ನಿಮಗೆಲ್ಲ? ನಾಲ್ಕಕ್ಕೆ ಮುಚ್ತೀನಿ, ಆಮೇಲೆ ಬಂದು ಅಳಬೇಡಿ."

ಮೂರೂ ಇಪ್ಪತ್ತಕ್ಕೆ ಅವಳು ಕೋಣೆಯ ಬಾಗಿಲು ತಳ್ಳಿದಳು. ಅಕ್ಕ ಅವಳ ಮಂಚದ ಮೇಲೆ ಮಲಗಿದ್ದಳು. ಕುಳಿತಿದ್ದವಳು ಹಾಗೇ ಒರಗಿ, ಒರಗಿದ್ದವಳು ಹಾಗೇ ಜಾರಿದ್ದಿರಬೇಕು. ಒಂದು ಕೈಯಲ್ಲಿ ಪೆನ್ನಿತ್ತು, ಅದರ ಮುಚ್ಚಳ ತೆಗೆದಿತ್ತು. ಬಾಯಿ ಸ್ವಲ್ಪ ತೆರೆದುಕೊಂಡಿತ್ತು. ಹಗಲು ಹೊತ್ತಿನಲ್ಲಿ ಅಕ್ಕ ಮಲಗಿದ್ದನ್ನು ಅವಳು ನೋಡಿರಲಿಲ್ಲ. ಯೋಚಿಸಿದರೆ, ಬೆಳಕಿನಲ್ಲಿ ಅಕ್ಕ ಕಣ್ಣು ಮುಚ್ಚಿದ್ದನ್ನೇ ನೋಡಿರಲಿಲ್ಲ. ತಾನು ಏಳುವಷ್ಟರಲ್ಲಿ ಆ ಮುಖ ಯಾವಾಗಲೂ ಎದ್ದು ಬಹಳ ಹೊತ್ತಾಗಿರುತ್ತಿತ್ತು. ನಿದ್ದೆಯಲ್ಲಿ ಅದು ಯಾರದೋ ಚಿಕ್ಕ ಹುಡುಗಿಯ ಮುಖದಂತೆ, ಸ್ವಲ್ಪ ಮೊಂಡಾಗಿ ಕಾಣುತ್ತಿತ್ತು. ಹೊಸ ಹೊದಿಕೆ ಎದೆಯವರೆಗೆ ಹೊದೆಸಿತ್ತು, ಅಂಚು ಗೆರೆ ಎಳೆದಂತೆ ನೇರವಾಗಿತ್ತು. ಕಿಟಕಿ ಮುಚ್ಚಿತ್ತು. ಆರು ವಾರದಲ್ಲಿ ಮೊದಲ ಸಲ.

ಜೊತೆಗಾತಿ ತನ್ನ ಕುರ್ಚಿಯಿಂದ ಬೆರಳನ್ನು ತುಟಿಯ ಮೇಲಿಟ್ಟು ತೋರಿಸಿದಳು. ಮೇಜಿನ ಮೇಲೆ ಮೂರು ಲೋಟ ಚಹಾ ಇತ್ತು, ಮೂರರ ಮೇಲೂ ಒಂದೊಂದು ಪುಸ್ತಕ ಮುಚ್ಚಿತ್ತು.

ಅವಳು ಕುರ್ಚಿಯ ತುದಿಯಲ್ಲಿ ಕುಳಿತು ಖಾಲಿ ಅರ್ಜಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಕಾರಣದ ಖಾನೆಯನ್ನು ತಾನೇ ತುಂಬಬಹುದು. ಸಹಿ ಕೂಡ ಅವಳಿಗೆ ಬರುತ್ತಿತ್ತು. ಶಾಲೆಯಲ್ಲಿದ್ದಾಗ ಎಷ್ಟೋ ಸಲ ಹಾಕಿದ್ದಳು, ಕೊನೆಯ ಗೆರೆಯನ್ನು ಅಕ್ಕನಿಗಿಂತ ಚೆನ್ನಾಗಿಯೇ ಎಳೆಯುತ್ತಿದ್ದಳು. ಪೆನ್ನಿಗೆ ಮಾತ್ರ ಅಕ್ಕನ ಬೆರಳುಗಳನ್ನು ಬಿಡಿಸಬೇಕು. ಅಥವಾ ತನ್ನದೇ ಪೆನ್ನಿದೆ. ಅಥವಾ ಭುಜ ಮುಟ್ಟಿ, ಅಕ್ಕಾ ಎಂದರೆ ಸಾಕು. ಅಕ್ಕ ತಟ್ಟನೆ ಎದ್ದು ಕುಳಿತು, ನಾನೆಲ್ಲಿ ಮಲಗಿದ್ದೆ ಎಂದು ಬೈದು, ಎರಡು ನಿಮಿಷದಲ್ಲಿ ಬರೆದು ಮುಗಿಸುತ್ತಾಳೆ. ಅಕ್ಕ ಏಳುವುದರಲ್ಲಿ ಯಾವತ್ತೂ ತಡ ಮಾಡಿದವಳಲ್ಲ. ಹೊಸ ಹಾಸ್ಟೆಲಿನ ಒಂಟಿ ಕೋಣೆಯನ್ನು ಅವಳು ಮತ್ತೊಮ್ಮೆ ಮನಸ್ಸಿನಲ್ಲಿ ಕಂಡಳು: ಚಿಲಕ, ಮುಚ್ಚಿದ ಕಿಟಕಿ, ಎಂಟು ಗಂಟೆಯ ಬಿಸಿಲು. ಎಲ್ಲ ಇದ್ದಲ್ಲೇ ಇತ್ತು.

"ಎಬ್ಬಿಸಲಾ?" ಎಂದು ಜೊತೆಗಾತಿ ಪಿಸುಗುಟ್ಟಿದಳು. "ನಾಲ್ಕಕ್ಕೆ ಮುಚ್ತಾರೆ. ನಿನಗೆ ತಡ ಆಗುತ್ತೆ."

ಹಾಗಾದರೆ ಓದಿದ್ದಳು. ಓದಿ, ಅಂಚಿಗೆ ಅಂಚು ಕೂಡಿಸಿ ಮಡಚಿ, ಮೇಜಿನ ಮೇಲಿಟ್ಟಿದ್ದಳು. ಆಮೇಲೂ ನಿದ್ದೆ ಬಂತಾ ಎಂದು ಕೇಳಿದ್ದಳು. ಅವಳ ಮುಖದಲ್ಲಿ ಕೋಪವಿರಲಿಲ್ಲ, ಬೇಸರವಿದ್ದರೂ ಅದನ್ನು ಎಲ್ಲೋ ಸಮನಾಗಿ ಮಡಚಿಟ್ಟಿದ್ದಳು. ಆ 'ನಿನಗೆ' ಗಾಳಿಯಲ್ಲಿ ಸ್ವಲ್ಪ ಹೊತ್ತು ಉಳಿಯಿತು. ಹೇಳಿದವಳು ಗಮನಿಸಿದಂತೆ ಕಾಣಲಿಲ್ಲ.

"ಬೇಡ," ಎಂದಳು ಅವಳು.

"ಸಹಿ?"

"ಬೇಡ. ಮಲಗಲಿ."

ಜೊತೆಗಾತಿ ತಲೆಯಾಡಿಸಿದಳು. ಒಂದು ಲೋಟದ ಮೇಲಿನ ಪುಸ್ತಕ ತೆಗೆದು ಅವಳ ಕಡೆ ಸರಿಸಿದಳು. ಚಹಾ ಆರಿಹೋಗಿತ್ತು. ಇಬ್ಬರೂ ಸದ್ದಾಗದಂತೆ ಕುಡಿದರು. ಕೆಳಗೆ ಅಂಗಳದಲ್ಲಿ ಯಾರೋ ಯಾರನ್ನೋ ಕೂಗಿದರು. ಮುಚ್ಚಿದ ಕಿಟಕಿಯಿಂದ ಅದು ಬೇರೆ ಊರಿನ ಕೂಗಿನಂತೆ ಕೇಳಿಸಿತು. ಕೋಣೆ ಬೆಚ್ಚಗಾಗಿತ್ತು. ಮೇಜಿನ ಗಡಿಯಾರದಲ್ಲಿ ಮೂರೂಮುಕ್ಕಾಲಾಯಿತು, ಮೂರು ಐವತ್ತೆಂಟಾಯಿತು. ಅವಳು ನೋಡುತ್ತ ಕುಳಿತಳು. ನಾಲ್ಕಾಯಿತು. ಕೆಳಗಿನ ಕಚೇರಿಯ ಕಿಟಕಿಯ ತಗಡಿನ ಬಾಗಿಲು ಇಳಿದ ಸದ್ದು ಮೂರನೆಯ ಮಹಡಿಯವರೆಗೂ ಬಂತು. ಅಕ್ಕ ಅಲುಗಿದಳು. ಪೆನ್ನು ಬೆರಳುಗಳಿಂದ ಜಾರಿ ಹೊದಿಕೆಯ ಮೇಲೆ ಬಿತ್ತು, ನೀಲಿಯ ಒಂದು ಚುಕ್ಕೆ ಮೂಡಿತು. ಕಣ್ಣು ಬಿಡದೆ ಅವಳು ಈ ಕಡೆಗೆ ಹೊರಳಿದಳು.

"ಐದಾಯ್ತೇನೆ?"

ಅವಳು ಉಸಿರನ್ನು ಉದ್ದ ಮಾಡಲಿಲ್ಲ. ಬಗ್ಗಿ, ಪೆನ್ನನ್ನು ಎತ್ತಿಕೊಂಡು ಮುಚ್ಚಳ ಹಾಕಿದಳು.

"ಇಲ್ಲ ಅಕ್ಕ," ಎಂದಳು. "ಇನ್ನೂ ಹೊತ್ತಿದೆ. ಮಲಗು."

"ಹೂಂ," ಎಂದು ಅಕ್ಕ ಗೋಡೆಯ ಕಡೆ, ಬೆಚ್ಚಗಿನ ಕಡೆ, ಹೊರಳಿದಳು.